ಸಂಬಳದ ತಿಥಿಗೆ ಕೈ ಎತ್ತದವಳು

ಸುವೋಬ್ರೋದ್ ಊರಿನ ನೇಯ್ಗೆ ಕಾರ್ಖಾನೆ ತನ್ನ ಹೆಂಗಸರಿಗೆ ಹನ್ನೊಂದು ತಿಂಗಳ ಸಂಬಳ ಇನ್ನೂ ಕೊಡಬೇಕು. ಗೇಟಿಗೆ ಬೀಗ ಬಿದ್ದಿದೆ, ಮಗ್ಗಗಳು ಗುಜರಿಗೆ ಹೋಗಿವೆ, ಧಣಿ ಯಾವುದೋ ಸಮುದ್ರದ ದಂಡೆಯಲ್ಲಿ ಹೊಟ್ಟೆಗೆ ಬಿಸಿಲು ಕಾಯಿಸುತ್ತಿದ್ದಾನೆ. ಬಾಕಿ ಮಾತ್ರ ಎಲ್ಲಿಗೂ ಹೋಗಿಲ್ಲ.

ಆ ಹೆಂಗಸರಲ್ಲಿ ಜಾಗೋರ್ಕಾ ಒಬ್ಬಳು. ಸಂಬಳಕ್ಕಾಗಿ ಸೇತುವೆ ತಡೆದು ಕೂತ ದಿನಗಳಲ್ಲಿ ಧ್ವನಿವರ್ಧಕ ಹಿಡಿದವಳು ಅವಳೇ. ಅದಕ್ಕೂ ಮೊದಲು, ಕಾರ್ಖಾನೆ ಉಸಿರಾಡುತ್ತಿದ್ದ ಕಾಲದಲ್ಲಿ, ಅವಳ ಕೈಯಲ್ಲಿ ಕ್ಯಾಮೆರಾ ಇತ್ತು. ಆಗೆಲ್ಲ ಪ್ರತಿ ಕಾರ್ಖಾನೆಗೂ ಒಂದು ಫುಟ್‌ಬಾಲ್ ತಂಡ, ಒಂದು ಹಾಡಿನ ಮೇಳ, ಒಂದು ಸಿನಿಮಾ ಕೂಟ ಇರುತ್ತಿದ್ದವು. ಜಾಗೋರ್ಕಾ ಸಿನಿಮಾ ಕೂಟಕ್ಕೆ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಆ ಕೋಣೆಯಲ್ಲಿ ಒಳ್ಳೆಯ ಒಲೆ ಇತ್ತು ಅಂತ. ಅವಳ ಮೊದಲ ಚಿತ್ರದಲ್ಲಿ ಗಣಿಯವರ ಟೋಪಿ, ದೀಪ ಹಾಕಿಕೊಂಡ ಇಬ್ಬರು ಗಂಡಸರು ಕ್ಯಾಂಟೀನಿನ ಹುರುಳಿಕಾಯಿ ಬೀಜದ ಸಾರಿನೊಳಗೆ ಹಗ್ಗ ಬಿಟ್ಟು ಮಾಂಸ ಹುಡುಕುತ್ತಾರೆ. ಕಾರ್ಖಾನೆಯ ಮುಖ್ಯಸ್ಥ ಎಲ್ಲರೆದುರು ನಗಲೇಬೇಕಾಯಿತು. ಮರುದಿನ ಸಾರಿನಲ್ಲಿ ಮಾಂಸ ತೇಲಿತು. ಮೂರು ಸಲ ಕೊಟ್ಟ ಅರ್ಜಿಗೆ ತೇಲದ್ದು.

ಕಾರ್ಖಾನೆ ಸತ್ತರೂ ಅದರ ಸಿನಿಮಾ ಸ್ಪರ್ಧೆ ಸಾಯಲಿಲ್ಲ. ಪ್ರತಿ ಶರತ್ಕಾಲ, ಊರಿಗೆ ಊರೇ ಕೆಂಪು ಮೆಣಸಿನಕಾಯಿ ಸುಟ್ಟು ಶೀಶೆ ತುಂಬಿ ಮುಗಿಸಿದ ಮೇಲೆ, ಸಂಸ್ಕೃತಿ ಭವನದಲ್ಲಿ ಅದು ನಡೆಯುತ್ತದೆ. ಹಲ್ಲಿನ ಡಾಕ್ಟರು, ಬಸ್ ಚಾಲಕರು, ಶಾಲೆಯ ಮಕ್ಕಳು, ಯಾರು ಬೇಕಾದರೂ ಚಿತ್ರ ತರಬಹುದು. ಕಟ್ಟಳೆ ಒಂದೇ: ಗುಟ್ಟು ಇಲ್ಲ. ಮೂವರು ತೀರ್ಪುಗಾರರು, ಜಾಗೋರ್ಕಾಳೂ ಸೇರಿ, ವೇದಿಕೆಯ ಮೇಲೇ ಕೂರಬೇಕು. ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ, ಚಿತ್ರ ಮಾಡಿದವರನ್ನು ನಿಲ್ಲಿಸಿ, ಅವರ ಮುಖಕ್ಕೇ ಅಭಿಪ್ರಾಯ ಹೇಳಿ, ಕೈ ಎತ್ತಬೇಕು. ಮೂರೂ ಕೈ ಎದ್ದರೆ ಮೊದಲ ಬಹುಮಾನ. ಆ ಚಿತ್ರ ರಾಜಧಾನಿ ಬೆಲ್‌ಗ್ರೇಡಿನ ದೊಡ್ಡ ಸ್ಪರ್ಧೆಗೆ ಹೋಗುತ್ತದೆ, ಟೀವಿಯಲ್ಲೂ ಬರುತ್ತದೆ. ಎರಡು ಕೈಗೆ ಎರಡನೆಯದು. ಅದು ಊರಲ್ಲೇ ಉಳಿಯುತ್ತದೆ.

ಆ ವರ್ಷ ಸ್ಪರ್ಧೆಯ ಹಿಂದಿನ ದಿನ ವಿದೋಸಾವಾ ಮೆಣಸಿನಕಾಯಿ ಚಟ್ನಿಯ ಶೀಶೆ, ಪ್ಲಮ್ಮಿನ ಸಾರಾಯಿ ಹಿಡಿದು ಜಾಗೋರ್ಕಾಳ ಮನೆಗೆ ಬಂದಳು. ವಿದೋಸಾವಾ ಅವಳ ಕುಮಾ: ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವಳು, ಮಗಳಿಗೆ ಹೆಸರಿಟ್ಟವಳು. ಒಡಹುಟ್ಟಿದವರ ಜೊತೆ ಹೊಲಕ್ಕಾಗಿ ಹೊಡೆದಾಡಬಹುದು, ಕುಮಾಗೆ ಮಾತ್ರ ಇಲ್ಲ ಅನ್ನಬಾರದು. ಅಲ್ಲಿನವರು ದೇವರ ಹಬ್ಬ ಮರೆತಾರು, ಇದನ್ನು ಮರೆಯರು.

"ಕುಮಾ, ನಿನ್ ಭುಜದ ನೋವು ಹೆಂಗಿದೆ?" ಅಂದಳು ವಿದೋಸಾವಾ.

"ಇದ್ದಂಗೇ ಇದೆ. ಯಾಕೆ?"

"ನಾಳೆ ಎತ್ತಬೇಕಲ್ಲ ಕೈನ, ಅದಕ್ಕೇ ಕೇಳ್ದೆ."

"ಎತ್ತೋ ಹಂಗಿದ್ರೆ ತಾನಾಗೇ ಏಳುತ್ತೆ. ಸಾರಾಯಿ ತಗೊಂಡು ತಿಕ್ಕೋದೇನ್ ಬೇಡ."

"ನಮ್ ಚಿತ್ರ ಕಣೇ ಇದು. ನಮ್ ಹುಡುಗೀರೆಲ್ಲಾ ಸೇರಿ ಮಾಡಿರೋದು. ಟೀವೀಲಿ ಬಂದ್ರೆ ಮಂತ್ರಿ ನೋಡ್ತಾನೆ, ದೇಶ ನೋಡುತ್ತೆ. ಅರ್ಥ ಆಯ್ತಾ? ಸೇತುವೆ ಮೇಲೆ ಕೂತು ಆಗದೇ ಇದ್ದಿದ್ದು ಇದ್ರಲ್ಲಿ ಆಗ್ಬಹುದು."

"ನಗು ಬರುತ್ತಾ?"

"ಉಚ್ಚೆ ಹೊಯ್ಕೋತೀಯ."

"ಮತ್ತೆ ಭಯ ಯಾಕೆ? ಕಾಫಿ ಕುಡಿ, ಆರ್ತಿದೆ."

ಜಾಗೋರ್ಕಾ ಸಾರಾಯಿ ಇಟ್ಟುಕೊಂಡಳು. ಮನೆಗೆ ಬಂದ ಸಾರಾಯಿಯನ್ನು ಹಿಂದಕ್ಕೆ ಕಳಿಸುವಷ್ಟು ಪ್ರಾಮಾಣಿಕತೆ ಆ ಊರಲ್ಲಿ ಯಾರಿಗೂ ಇಲ್ಲ.

ಶನಿವಾರ ಮಧ್ಯಾಹ್ನ ಭವನ ತುಂಬಿತ್ತು. ಜಾಗೋರ್ಕಾಳ ಎಡಕ್ಕೆ ವೆಲಿಬೋರ್, ಮದುವೆಗಳ ವಿಡಿಯೋ ತೆಗೆದು ಬದುಕುವವನು. ಅವನ ತಾಯಿಯೂ ಅದೇ ಕಾರ್ಖಾನೆಯಲ್ಲಿ ನೂಲು ಸುತ್ತಿದವಳು. ಬಲಕ್ಕೆ ಓಲ್ಗಾ, ನೋವಿಸಾದ್ ನಗರದಿಂದ ಬಂದ ಸಿನಿಮಾ ಪಾಠದ ಮೇಡಂ. ಅವರಿಬ್ಬರೂ ಪರದೆಗೆ ಮುಖ ಮಾಡಿ ಕೂತರು. ಜಾಗೋರ್ಕಾ ಮಾತ್ರ ಯಾವತ್ತಿನಂತೆ ಕುರ್ಚಿಯನ್ನು ಓರೆಗೆ ತಿರುಗಿಸಿಕೊಂಡಳು: ಒಂದು ಕಣ್ಣು ಪರದೆಗೆ, ಇನ್ನೊಂದು ಜನಕ್ಕೆ. ನಗೆಚಿತ್ರ ಅರ್ಧ ಪರದೆಯ ಮೇಲೆ ಓಡಿದರೆ ಇನ್ನರ್ಧ ಜನರ ಭುಜಗಳ ಮೇಲೆ ಓಡುತ್ತದೆ ಅನ್ನುವುದು ಅವಳ ಲೆಕ್ಕ.

ಚಿತ್ರ ಶುರುವಾಯಿತು. ವಿದ್ಯುತ್ ಕಂಬಕ್ಕೆ ಕಪ್ಪು ಅಂಚಿನ ಸಾವಿನ ಚೀಟಿ ಅಂಟಿಸುತ್ತಿರುವ ಹೆಂಗಸು. ಚೀಟಿಯಲ್ಲಿ: "ನಮ್ಮ ಪ್ರೀತಿಯ ಸಂಬಳ ದೀರ್ಘ ಕಾಯಿಲೆಯಿಂದ ತೀರಿಕೊಂಡಿದೆ. ದುಃಖತಪ್ತ ನೇಕಾರ ಮಹಿಳೆಯರು." ಹಿಂದಿನ ಸಾಲಿನಿಂದ ಯಾರೋ ಮೂಗಿನಲ್ಲಿ ಗೊರಕೆ ಹೊಡೆದಂತೆ ನಕ್ಕರು. ಆಮೇಲೆ ಸ್ಮಶಾನ. ಖಾಲಿ ಲಕೋಟೆಗೆ ಚೌಕಟ್ಟು ಹಾಕಿಸಿ, ಮುಂದೆ ಮೇಣದಬತ್ತಿ ಹಚ್ಚಿ, ಹೆಂಗಸರು ತಿಥಿಯ ಗೋಧಿ ಹಂಚುತ್ತಾರೆ. ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟು, ಒಂದು ಚೂರೂ ಕಡಿಮೆ ಇಲ್ಲ. ಅಷ್ಟರಲ್ಲಿ ದಿವಾಳಿ ಅಧಿಕಾರಿ ಬರುತ್ತಾನೆ, ಮುಚ್ಚಿದ ಕಾರ್ಖಾನೆಯ ಆಸ್ತಿ ಮಾರಿ ಬಾಕಿ ತೀರಿಸಬೇಕಾದವನು. ಆ ವೇಷದಲ್ಲಿ ವಿದೋಸಾವಾಳ ಗಂಡ ರಾತೋಮಿರ್, ಅಂಗಿಯೊಳಗೆ ದಿಂಬು. ಎಲ್ಲರಿಗಿಂತ ಜೋರಾಗಿ ಅಳುತ್ತಾನೆ, ಎಲ್ಲರಿಗಿಂತ ಜಾಸ್ತಿ ಗೋಧಿ ತಿನ್ನುತ್ತಾನೆ, ಮನೆಗೂ ಒಂದಿಷ್ಟು ಕಟ್ಟಿಕೊಡಿ ಅನ್ನುತ್ತಾನೆ. "ತೀರಿಕೊಂಡವರಿಗೆ ವಾರಸುದಾರರು ಯಾರು?" ಅಂತ ಪಾದ್ರಿ ಕೇಳಿದಾಗ ಹೆಂಗಸರೆಲ್ಲ ಒಂದೊಂದು ಕೈ ಎತ್ತಿದರೆ ಅವನು ಎರಡೂ ಎತ್ತುತ್ತಾನೆ. ಕ್ಯಾಮೆರಾ ಹಿಡಿದವಳಿಗೇ ನಗು ತಡೆಯದೆ ಚಿತ್ರ ಕುಲುಕಾಡಿತು. ಭವನವೂ ಕುಲುಕಾಡಿತು. ಸೇತುವೆಯ ಮೇಲೆ ಚಳಿಯಲ್ಲಿ ಕೂತಿದ್ದ ಹೆಂಗಸರು ಒಬ್ಬರ ತೊಡೆ ಇನ್ನೊಬ್ಬರು ಬಡಿದುಕೊಂಡು ನಗುತ್ತಿದ್ದರು. ಜಾಗೋರ್ಕಾಳ ಕೈ ಆಗಲೇ ಅರ್ಧ ಎದ್ದಿತ್ತು.

ಆಗ ಪರದೆಯ ಮೇಲೆ ರಾತೋಮಿರ್ ದಿಂಬು ಕಿತ್ತು ಬದಿಗಿಟ್ಟ. ಸಂಗೀತ ನಿಂತಿತು. ವಿದೋಸಾವಾ ಕ್ಯಾಮೆರಾದ ಮುಂದೆ ನೆಟ್ಟಗೆ ನಿಂತು ಹಾಳೆ ಬಿಚ್ಚಿ ಓದತೊಡಗಿದಳು: "ನಾವು, ಈ ನಗರದ ಶ್ರಮಿಕ ಮಹಿಳೆಯರು..."

ಜಾಗೋರ್ಕಾ ಅರ್ಧ ಎದ್ದಿದ್ದ ಕೈಯನ್ನು ಕೆಳಗಿಳಿಸಿದಳು. ಅದು ಸೇತುವೆಯ ಮೇಲೆ ಓದಿದ್ದ ಘೋಷಣಾಪತ್ರ. ಬರೆದವಳು ತಾನೇ. ಒಂದೊಂದು ಶಬ್ದವೂ ನಿಜ. ಕುಮಾ ತನ್ನನ್ನು ಮೆಚ್ಚಿಸಲೆಂದೇ ಅದನ್ನು ಅಲ್ಲಿ ತುರುಕಿದ್ದಾಳೆ. ಅದೂ ಅಲ್ಲದೆ, ಚಳವಳಿಯಲ್ಲಿ ಬೆಂದವರ ರೋಗವೇ ಅದು: ಮದುವೆಯಾಗಲಿ, ನಾಮಕರಣವಾಗಲಿ, ಕೊನೆಗೊಂದು ಘೋಷಣಾಪತ್ರ ಓದದಿದ್ದರೆ ಉಂಡದ್ದು ಅರಗುವುದಿಲ್ಲ.

ಪತ್ರ ಉದ್ದವಿತ್ತು. ಜಾಗೋರ್ಕಾ ಜನರನ್ನೇ ನೋಡಿದಳು. ಭುಜಗಳು ನಿಂತವು. ಕೆಮ್ಮು ಶುರುವಾಯಿತು. ಹಲ್ಲಿನ ಡಾಕ್ಟರು ಗಡಿಯಾರ ನೋಡಿಕೊಂಡರು. ಸೇತುವೆಯ ಹೆಂಗಸರು ಚರ್ಚಿನಲ್ಲಿ ಕೂತಂತೆ ಕೈ ಕಟ್ಟಿಕೊಂಡು ತಲೆಯಾಡಿಸತೊಡಗಿದರು, ಮುಖದ ಮೇಲೆ ನಗುವಿನ ಗುರುತೂ ಇರಲಿಲ್ಲ. ಕೊನೆಗೆ ಚಪ್ಪಾಳೆ ಜೋರಾಗಿಯೇ ಬಿತ್ತು. ಅಂಥ ಚಪ್ಪಾಳೆಯನ್ನು ಜಾಗೋರ್ಕಾ ಎಷ್ಟೋ ಸಭೆಗಳಲ್ಲಿ ಕೇಳಿದ್ದಳು. ತಟ್ಟಿದವರು ಎದ್ದು ಮನೆಗೆ ಹೋಗಿ ಮಲಗುತ್ತಾರೆ.

ದೀಪ ಹತ್ತಿತು. ವಿದೋಸಾವಾ, ರಾತೋಮಿರ್ ಮುಂದೆ ಬಂದು ನಿಂತರು.

"ನಮ್ಮಮ್ಮ ಇದನ್ನ ನೋಡಿದ್ದಿದ್ರೆ ಚೆನ್ನಾಗಿರ್ತಿತ್ತು," ಅಂದ ವೆಲಿಬೋರ್. ಅಷ್ಟೇ ಹೇಳಿ ಕೈ ಎತ್ತಿದ.

ಓಲ್ಗಾ ಹೇಳಿದಳು: "ಕೊನೆ ಭಾಗ ಉದ್ದ ಆಯ್ತು, ನಿಜ. ಆದ್ರೆ ನಾನು ಆ ಸೇತುವೆ ಮೇಲೆ ಕೂತವಳಲ್ಲ. ಅದನ್ನ ಕತ್ತರಿಸಿ ಅನ್ನೋ ಹಕ್ಕು ನನಗಿಲ್ಲ. ಇಷ್ಟು ಧೈರ್ಯದ ಚಿತ್ರ ಇವತ್ತು ಇನ್ನೊಂದು ಬಂದಿಲ್ಲ." ಅವಳ ಕೈಯೂ ಎದ್ದಿತು.

ಎಲ್ಲರ ಕಣ್ಣು ಜಾಗೋರ್ಕಾಳ ಮೇಲೆ. ಅವಳು ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಧೈರ್ಯಕ್ಕೆ ಬೇರೆ ಸ್ಪರ್ಧೆ ಇದೆ ಮೇಡಂ, ಅದು ರಸ್ತೇಲಿ ನಡೆಯುತ್ತೆ," ಅಂದಳು. "ಇದು ನಗೆಚಿತ್ರ. ಕತ್ತರಿಸಿ ಅನ್ನೋ ಹಕ್ಕು ನನಗಿದೆ, ಯಾಕಂದ್ರೆ ಆ ಪತ್ರ ಬರೆದವಳು ನಾನು. ವಿದಾ, ಸ್ಮಶಾನದವರೆಗೂ ನೀನು ಆ ಅಧಿಕಾರೀನ ಬೆತ್ತಲೆ ಮಾಡಿ ನಿಲ್ಲಿಸಿದ್ದೆ. ಆಮೇಲೆ ನೀನೇ ಹೋಗಿ ಅವನಿಗೆ ಕೋಟು ಹೊದಿಸ್ದೆ. ಪತ್ರ ಅಂದ್ರೆ ಅವನಿಗೆ ಅಭ್ಯಾಸ. ಕಪಾಟಲ್ಲಿ ಇಡ್ತಾನೆ. ಆ ಎರಡು ಕೈ ಎತ್ತಿದ್ದನ್ನ ಎಲ್ಲಿ ಇಡ್ತಾನೆ?"

"ಅಂದ್ರೆ ನೀನು ಎತ್ತಲ್ಲ?" ಅಂದಳು ವಿದೋಸಾವಾ.

"ಎತ್ತಲ್ಲ."

"ನಿನ್ ಮದುವೇಲಿ ನಾನು ನಿಂತಿದ್ದೆ ಕಣೇ!"

"ನಿಂತಿದ್ದೆ. ಆ ಗಂಡು ಬೇಡ ಅಂತ ಅವತ್ತು ನನ್ ಮುಖಕ್ಕೇ ಹೇಳಿದ್ದಿದ್ರೆ ನಿನಗೆ ಇನ್ನೂ ಪುಣ್ಯ ಬರ್ತಿತ್ತು."

ಭವನ ನಕ್ಕಿತು. ವಿದೋಸಾವಾ ನಗಲಿಲ್ಲ. "ಆ ಚಟ್ನಿ ಶೀಶೆ ವಾಪಸ್ ಕಳಿಸು," ಅಂದು ಕೆಳಗಿಳಿದಳು. ಆ ವರ್ಷ ಮೊದಲ ಬಹುಮಾನ ಯಾರಿಗೂ ಸಿಗಲಿಲ್ಲ. ಸುವೋಬ್ರೋದಿನಿಂದ ಬೆಲ್‌ಗ್ರೇಡಿಗೆ ಯಾವ ಚಿತ್ರವೂ ಹೋಗಲಿಲ್ಲ.

ಊರು ಸುಮ್ಮನಿರುತ್ತದೆಯೇ? "ಸ್ವಂತ ಕುಮಾಗೇ ಚೂರಿ ಹಾಕಿದಳು" ಅಂದರು ಬೇಕರಿಯಲ್ಲಿ. "ಅಧಿಕಾರಿ ದುಡ್ಡು ಕೊಟ್ಟಿರಬೇಕು" ಅಂದರು ಸಂತೆಯಲ್ಲಿ. ಜಾಗೋರ್ಕಾ ಬುಟ್ಟಿ ಹಿಡಿದು ಎರಡೂ ಕಡೆ ಎದೆ ಸೆಟೆಸಿಯೇ ನಡೆದಳು. ಕುಮಾ ಬಾರದ ಮನೆಯಲ್ಲಿ ಒಬ್ಬಳೇ ಕಾಫಿ ಕುಡಿಯುವುದು ಅವಳಿಗೆ ಕಷ್ಟವೇ ಆಯಿತು, ಆದರೆ ಹೇಳಿದ ಮಾತು ತಪ್ಪು ಅಂತ ಒಂದು ಗುಟುಕಿಗೂ ಅನಿಸಲಿಲ್ಲ.

ಮೊದಲ ಹಿಮ ಬೀಳುವ ಹೊತ್ತಿಗೆ ರಾತೋಮಿರ್ ಬಾಗಿಲು ಬಡಿದ. "ನಮ್ಮವಳು ನಿನ್ ಹತ್ರ ಮಾತಾಡಲ್ಲ. ಆದ್ರೆ ಸಾಯಂಕಾಲ ದಿವಾಳಿ ಆಫೀಸಿನ ಹತ್ರ ಬಾ ಅಂತ ಹೇಳು ಅಂದ್ಲು."

ಆಫೀಸಿನ ಎದುರು ಗೋಡೆಗೆ ಹಾಸಿಗೆಯ ಬಿಳಿ ಹೊದಿಕೆ ಕಟ್ಟಿದ್ದರು. ಚಿತ್ರ ಅದೇ, ಘೋಷಣಾಪತ್ರ ಇರಲಿಲ್ಲ. ಅಧಿಕಾರಿ ಎರಡು ಕೈ ಎತ್ತಿದ ಕಡೆಗೇ ಮುಗಿಯುತ್ತಿತ್ತು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ದಾರಿಹೋಕರು ನಿಂತರು, ಬಸ್ಸು ನಿಂತಿತು, ನೋಡಿಕೊಂಡು ಹೋಗಲು ಬಂದಿದ್ದ ಪೊಲೀಸಿನವನು ಟೋಪಿಯಿಂದ ಬಾಯಿ ಮುಚ್ಚಿಕೊಂಡ. ನಿಜವಾದ ಅಧಿಕಾರಿ ಹೊರಬರುವಾಗ ಬೀದಿಗೆ ಬೀದಿಯೇ ಎರಡೂ ಕೈ ಮೇಲೆತ್ತಿತು. ಆತ ಹಿಂದಿನ ಬಾಗಿಲಿಂದ ಹೋದ. ಮರುದಿನವೂ ಹಿಂದಿನ ಬಾಗಿಲೇ. ವಾರ ತಿರುಗುವಷ್ಟರಲ್ಲಿ ಹೆಂಗಸರನ್ನು ಮಾತುಕತೆಗೆ ಕರೆದ, ಏಳು ವರ್ಷದಲ್ಲಿ ಮೊದಲ ಸಲ. ದುಡ್ಡು ಬಂತೇ? ಇಲ್ಲ. ಮಾತುಕತೆ ನಡೆಯುತ್ತಿದೆ, ಹೊದಿಕೆಯೂ ಇಳಿದಿಲ್ಲ.

ವಿದೋಸಾವಾ ಈಗ ಮಾತಾಡುತ್ತಾಳೆ, ಬೈಗುಳದಿಂದ ಶುರು ಮಾಡಿ. "ಮುಂದಿನ ವರ್ಷನೂ ತರ್ತೀನಿ ಚಿತ್ರ. ಆಗ್ಲೂ ಹಿಂಗೇ ಕೂತಿರ್ತೀಯಾ, ಕೈ ಎತ್ತದೆ ಕಲ್ಲಾಗಿ?"

"ಒಳ್ಳೇದು ತಾ, ಎದ್ದು ನಿಂತು ಎತ್ತೀನಿ."

ಇನ್ನು ನೀವು, ಇದನ್ನು ಓದುತ್ತಿರುವವರು. ನಿಮ್ಮವರೇ ಮಾಡಿದ ನಾಟಕಕ್ಕೆ, ಬರೆದ ಕರಪತ್ರಕ್ಕೆ, ಕಟ್ಟಿದ ಸಂಘಕ್ಕೆ ಮೊನ್ನೆ ನೀವೂ ಕೈ ಎತ್ತಿದ್ದೀರಿ, ನಮ್ಮವರಲ್ಲವೇ ಅಂತ. ಅದರಲ್ಲಿ ಎಲ್ಲಿ ಆಕಳಿಕೆ ಬಂತೆಂದು ನಿಮಗೆ ಗೊತ್ತಿದೆ. ಎದ್ದು ಹೋಗಿ, ಅವರ ಮುಖಕ್ಕೆ ಹೇಳಿ ಬನ್ನಿ.