ಮಾತು ಬಿಟ್ಟವರ ಡ್ಯಾಶ್‌ಬೋರ್ಡ್

ಅಣ್ಣತಮ್ಮಂದಿರು ಮಾತು ಬಿಟ್ಟರೆ ನಮ್ಮ ಧಾರವಾಡದ ಕಡೆ ನಡುಮನೆಯಲ್ಲಿ ಗೋಡೆ ಕಟ್ಟಿಸುತ್ತಾರೆ. ಗುಜರಾತಿನ ಈ ಇಬ್ಬರು ಡ್ಯಾಶ್‌ಬೋರ್ಡ್ ಕಟ್ಟಿಸಿದರು. ಅಣ್ಣ ವಡೋದರದ ಗೋರ್ವಾದಲ್ಲಿ ಪಂಪು ಮಾಡಿಸುತ್ತಿದ್ದ, ತಮ್ಮ ಸೂರತ್‌ನಲ್ಲಿ ಕೂತು ಮಾರುತ್ತಿದ್ದ. ಲೆಕ್ಕವೆಲ್ಲ ಪರದೆಯ ಮೇಲೆ ಕಂಡರೆ ಒಬ್ಬರನ್ನೊಬ್ಬರು ಕೇಳುವ ಗೋಜೇ ಇಲ್ಲವಲ್ಲ.

ಕಟ್ಟುವ ಕೆಲಸ ನನ್ನ ತಲೆಗೆ ಬಿತ್ತು. ಅಹಮದಾಬಾದಿನ ನವರಂಗಪುರದ ಪುಟ್ಟ ಕಂಪನಿಯಲ್ಲಿ ನಾನಿನ್ನೂ ಪ್ರೊಬೇಷನ್. "ಅವರು ಒಪ್ಪಿದರೆ ನೀನು ಕಾಯಂ" ಎಂದಿದ್ದರು ಬಾಸ್. ಒಪ್ಪದಿದ್ದರೆ ಊರಿಗೆ ವಾಪಸ್. ಅಲ್ಲಿ ಅಪ್ಪ ಯಾವನದೋ ಜಾತಕ ಹಿಡಿದು ಕಾಯುತ್ತಿದ್ದರು. ಹೆದರಿಕೆ ಇದ್ದದ್ದು ಅದಕ್ಕೇ.

ತಮ್ಮನ ಸೂರತ್ ಕಂಪ್ಯೂಟರಿನಲ್ಲಿ ಆಗಲೇ ಚಂದದ ಚಾರ್ಟೊಂದಿತ್ತು, ಊರಿಗೊಂದು ಕಂಬ. ಅದನ್ನು ಹಾಗೇ ಎಳೆದು ಅಣ್ಣನ ಪುಟದೊಳಗೆ ಚೌಕಟ್ಟು ಹಾಕಿ ಕೂರಿಸಿದೆ. ಮೇಲೆ ಕಂಬ ಒತ್ತಿದರೆ, ಆ ಊರಿಗೆ ಯಾವ ಪಂಪು ಕಳಿಸಬೇಕೆಂಬ ಪಟ್ಟಿ ಕೆಳಗೆ ಬರಬೇಕು. ಆಫೀಸಿನಲ್ಲಿ ಎರಡನ್ನೂ ನನ್ನ ಒಂದೇ ಕಂಪ್ಯೂಟರಿನಲ್ಲಿಟ್ಟು ನೋಡಿದ್ದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದಿತ್ತು.

ಗೋರ್ವಾದಲ್ಲಿ ತೋರಿಸುವ ದಿನ ಅಣ್ಣತಮ್ಮಂದಿರ ವಯಸ್ಸಾದ ತಾಯಿ ಬಂದು ಮಾನಿಟರಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಕಡಲೆಹಿಟ್ಟಿನ ಗರಿಗರಿ ಫಾಫ್ಡಾ, ಜಲೇಬಿ ಹಂಚಿದರು. ಹೊರಗೆ ರಾಜಕೋಟ್‌ಗೆ ಹೊರಟ ಲಾರಿ ನಿಂತಿತ್ತು. ಅಣ್ಣ ರಾಜಕೋಟ್ ಕಂಬ ಒತ್ತಿದ. ಕಂಬ ಬಣ್ಣ ಬದಲಿಸಿತು, ಕೆಳಗಿನ ಪಟ್ಟಿ ಖಾಲಿ. ಮತ್ತೆ ಒತ್ತಿದ. ಖಾಲಿ.

ನನಗೆ ಆಗ ಹೊಳೆಯಿತು. ಚಾರ್ಟು ಸೂರತ್‌ನದು, ಪಟ್ಟಿ ಗೋರ್ವಾದ್ದು. ಬೇರೆ ಬೇರೆ ಕಂಪ್ಯೂಟರಿನಿಂದ ಬಂದ ಪುಟಗಳು ತಮ್ಮೊಳಗೆ ಮಾತಾಡಲು ಬ್ರೌಸರ್ ಬಿಡುವುದಿಲ್ಲ. ಇದನ್ನೇ, ಮಾತು ಬಿಟ್ಟ ಆ ಅಣ್ಣನ ಎದುರಿಗೇ, ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಬಾಸ್ ಫಾಫ್ಡಾ ನುಂಗಲಾರದೆ ನನ್ನನ್ನೇ ದುರುಗುಟ್ಟಿ ನೋಡಿದರು. ನನ್ನ ಬಾಯಿಗೆ ಬೀಗ ಹಾಕುವವರು ಹುಟ್ಟಿಲ್ಲ ಅಂತ ಅವ್ವ ಸುಮ್ಮನೆ ಬಯ್ಯುತ್ತಿರಲಿಲ್ಲ.

ಲಾರಿಯವನು ಹಾರ್ನ್ ಹೊಡೆದ. ಅಣ್ಣ ಪರದೆ ನೋಡಿದ, ಕಿಟಕಿ ನೋಡಿದ. ತಾಯಿ ಸೂರತ್ ನಂಬರು ತಿರುಗಿಸಿ ರಿಸೀವರನ್ನು ಅವನ ಕಿವಿಗಿಟ್ಟರು.

"ರಾಜಕೋಟ್‌ಗೆ ಯಾವುದು?" ಎಂದ ಅಣ್ಣ, ಕಲ್ಲಿನ ಹಾಗೆ. ಸ್ವಲ್ಪ ಹೊತ್ತಿಗೆ, "ಅಮ್ಮನ ಮೊಣಕಾಲಾ? ನೋವು ಹಾಗೇ ಇದೆ, ನೀನೇ ಬಂದು ನೋಡು" ಎನ್ನುತ್ತಿದ್ದ. ಲಾರಿ ಹೋದ ಮೇಲೂ ಮಾತು ಮುಗಿದಿರಲಿಲ್ಲ.

ಅಜ್ಜಿ ನನ್ನ ಪಕ್ಕ ಬಂದು ಕೂತರು. "ಇದು ರಿಪೇರಿ ಆಗುತ್ತದಾ ಬೇಟಾ?"

"ಎರಡು ಪುಟವನ್ನೂ ಒಂದೇ ಕಂಪ್ಯೂಟರಿಗೆ ತಂದರೆ ಸಾಕು ಮಾಜೀ. ನಾಳೆಯೇ ಮಾಡಿಕೊಡುತ್ತೇನೆ."

ಅವರು ನನ್ನ ತಟ್ಟೆಗೆ ಇನ್ನೊಂದು ಜಲೇಬಿ ಹಾಕಿದರು. "ಅಷ್ಟು ಅವಸರವೇನು?" ಎಂದು ಬಾಸ್ ಕಡೆ ತಿರುಗಿ, "ನಮಗೆ ಒಪ್ಪಿಗೆ" ಅಂದರು. ಆ ಮನೆಯಲ್ಲಿ ಅವರ ಮಾತಿಗೆ ಎದುರಾಡುವವರು ಇರಲಿಲ್ಲ.

ನಾನು ಕಾಯಂ ಆದೆ. ಜಾತಕ ಪೆಟ್ಟಿಗೆ ಸೇರಿತು. ಆಮೇಲೂ ಆ ಅಜ್ಜಿ ಆಗಾಗ ನಮ್ಮ ಆಫೀಸಿಗೆ ಫೋನ್ ಮಾಡಿ, ನನ್ನನ್ನೇ ಕರೆಸಿ ಕೇಳುತ್ತಿದ್ದರು: "ಇನ್ನೂ ಕೆಟ್ಟೇ ಇದೆ ತಾನೆ, ಬೇಟಾ?"