ಹತ್ತರಲ್ಲಿ ಎಷ್ಟು?

ಗೋಕುಲ ರಸ್ತೆಯಲ್ಲಿ ನನ್ನ ಸ್ಕೂಟರಿನ ಹಿಂದಿನ ಗಾಲಿಗೆ ಸೆರಗು ಸಿಕ್ಕಿ, ಹೆಂಡತಿ ಬಿದ್ದು ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಆರು ವರ್ಷ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು, “ಅಪ್ಪಾ, ಅವ್ವ ಹೆಂಗ ನಗತಿದ್ಲು?”

ಹೇಳಲು ಬಾಯಿ ತೆರೆದೆ. ಕಣ್ಣ ಮುಂದೆ ಬಂದದ್ದು ಗಾಲಿ, ಅದಕ್ಕೆ ಸುತ್ತಿಕೊಂಡ ಹಸಿರು ಸೆರಗು. ಮುಖ ಬರಲೇ ಇಲ್ಲ. ಎಷ್ಟು ವರ್ಷದಿಂದ ಹೀಗಿತ್ತೋ, ಯಾರೂ ಕೇಳಿರಲಿಲ್ಲವಾಗಿ ನನಗೇ ಗೊತ್ತಾಗಿರಲಿಲ್ಲ.

ಆ ಮುಖ ಬೇಕೆಂದೇ ಧಾರವಾಡದ ಒಬ್ಬ ಮನೋವೈದ್ಯೆಯ ಹತ್ತಿರ ಹೋದೆ. ಗುಳಿಗೆ ಕೊಡುತ್ತಾರೆಂದುಕೊಂಡರೆ, ಅವರು ಎದುರು ಕೂತು ಎರಡು ಬೆರಳನ್ನು ಎಡಕ್ಕೆ ಬಲಕ್ಕೆ ಆಡಿಸಿದರು. ಆ ಗಾಲಿಯನ್ನು ನೆನೆಯುತ್ತ ಬೆರಳಿನ ಹಿಂದೆ ಕಣ್ಣಷ್ಟೇ ಓಡಬೇಕು, ತಲೆ ಅಲ್ಲಾಡಬಾರದು. ಆಮೇಲೆ, “ಹತ್ತರಾಗ ಎಷ್ಟು ಸಂಕಟ ಆಗಾಕತ್ತೈತ್ರಿ?” ಎಂದು ಕೇಳುತ್ತಿದ್ದರು.

ನಾನು ಎಡವಿದ್ದು ಇಲ್ಲೇ. ಇಷ್ಟು ಹೊತ್ತು ಕೈ ನೋಯಿಸಿಕೊಂಡವರ ಮುಖಕ್ಕೆ ‘ಏನೂ ಗುಣ ಇಲ್ಲ’ ಅನ್ನುವುದುಂಟೆ? ಕರೆದ ಮನೆಯಲ್ಲಿ ಸಪ್ಪೆ ಉಪ್ಪಿಟ್ಟನ್ನೂ ಹೊಗಳಿ, ಇನ್ನೊಂದು ಸೌಟು ಹಾಕಿಸಿಕೊಂಡು ಬರುವ ಜನ ನಾವು. ಮೊದಲ ವಾರ ಎಂಟು ಅಂದೆ. ಆಮೇಲೆ ಆರು, ನಾಲ್ಕು. ನಾಲ್ಕನೇ ವಾರ ಎರಡು ಅಂದಾಗ ಅವರ ಮುಖ ಅರಳಿತು. ಒಳಗೆ ಹತ್ತು ಹತ್ತಾಗಿಯೇ ಇತ್ತು.

“ಇನ್ನ ಬರೂದು ಬ್ಯಾಡ್ರಿ, ಆರಾಮ ಆಗೀರಿ” ಎಂದು ಅವರು ಕಳಿಸಿಕೊಟ್ಟ ದಿನ ಬಾಗಿಲ ತನಕ ಹೋದವನು ಅಲ್ಲೇ ನಿಂತು ಅತ್ತುಬಿಟ್ಟೆ.

“ತಪ್ಪಾತ್ರಿ ಮೇಡಂ. ನಿಮಗ ಬ್ಯಾಸರ ಆಗಬಾರದು ಅಂತ ಸುಳ್ಳ ಹೇಳೇನಿ.”

ನಗಬೇಕೋ ಬೈಯಬೇಕೋ ಅವರಿಗೆ ತಿಳಿಯಲಿಲ್ಲ. “ಹಂಗಾದ್ರ ಇಷ್ಟು ದಿನ ನೀವ ನನ್ನ ಸಮಾಧಾನ ಮಾಡೀರಿ ಅನ್ರಿ. ಬರ್ರಿ, ಕೂಡ್ರಿ.”

ಮತ್ತೆ ಮೊದಲಿನಿಂದ ಶುರುವಾಯಿತು. ಇದ್ದದ್ದನ್ನು ಇದ್ದಹಾಗೆ ಹೇಳತೊಡಗಿದ ಮೇಲೆ, ಕೆಲವು ವಾರಗಳಲ್ಲಿ ಗಾಲಿ ನಿಜಕ್ಕೂ ದೂರ ಸರಿಯಿತು. ಅದರ ಹಿಂದೆ ಇದ್ದದ್ದು ಅವಳು ಬಿದ್ದ ದಿನದ ಬೆಳಿಗ್ಗೆ, ನಮ್ಮ ಅಂಗಳ. ನಾನು ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದೇನೆ. ಬಾಗಿಲಲ್ಲಿ ಅವಳ ದನಿ: “ನೋಡ್ರಿ ಇಲ್ಲೆ, ಹೊಸಾ ಸೀರಿ ಹೆಂಗ ಕಾಣತೈತಿ?” ನಾನು ತಲೆ ಎತ್ತದೆ, “ಲಗೂ ಹತ್ತು, ಹೊತ್ತಾತು” ಅನ್ನುತ್ತೇನೆ.

ಬೆರಳು ನಿಂತಿತು. “ಈಗ ಅವರ ಮುಖ ಕಾಣತೈತೇನ್ರಿ?”

“ಇಲ್ರಿ” ಎಂದೆ. “ಆವತ್ತು ನಾನು ನೋಡೇ ಇಲ್ರಿ.”