ಮಾಪಣ್ಣನ ಗರಗಸಕ್ಕೆ ಮರಗಮ್ಮನ ಚಕ್ರ

ಮರಾಠಿ ಸೀಮೆಯ ವಿಠ್ಠಲವಾಡಿಯಲ್ಲಿ, ತಾರಾನಾಥರ ಫರ್ನಿಚರ್ ಕಾರ್ಖಾನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮಾಪಣ್ಣ ಮಾಡುವ ಮೊದಲ ಕೆಲಸ ಗರಗಸ ಮೀಟುವುದು. ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಎರಡನ್ನೂ ಸುತ್ತಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಇದಕ್ಕೆ ಬ್ಯಾಂಡ್‌ಸಾ ಅನ್ನುತ್ತಾರೆ. ಪಟ್ಟಿ ಬಿಗಿಯಾಗಿದ್ದರೆ ಗೀಟು ಹಿಡಿದು ಕೊಯ್ಯುತ್ತದೆ. ಸಡಿಲಾದರೆ ಕುಡಿದವನ ಹಾಗೆ ತನಗೆ ತೋಚಿದ ಕಡೆ ಹೋಗುತ್ತದೆ. ಎಷ್ಟು ಬಿಗಿ ಇರಬೇಕೆಂದು ತೋರಿಸುವ ಮುಳ್ಳು ಮಷೀನು ಬಂದ ವರ್ಷವೇ ಕೆಟ್ಟು ನಿಂತಿದೆ. ಮಾಪಣ್ಣನಿಗೆ ಅದು ಬೇಕೂ ಇಲ್ಲ. ಲಿಂಗಸುಗೂರು ಕಡೆಯ ಊರಲ್ಲಿ ಅವನ ಅಪ್ಪ ಭಜನೆಗೆ ಏಕತಾರಿ ಹಿಡಿಯುತ್ತಿದ್ದ. ಮಗನಿಗೆ ಆಸ್ತಿಯೆಂದು ಬಂದದ್ದು ಶ್ರುತಿ ಹಿಡಿಯುವ ಆ ಕಿವಿಯೊಂದೇ. ಪಟ್ಟಿ ಮೀಟುತ್ತಾನೆ, ತಲೆ ವಾರೆ ಮಾಡಿ ಕೇಳುತ್ತಾನೆ, "ಹೂಂ, ಕೂಡಿತು" ಅನ್ನುತ್ತಾನೆ. ಆಮೇಲೆಯೇ ಸ್ವಿಚ್ಚು.

ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿಗೆ ಹಲಗೆ ಇಳಿಸುವ ಹಮಾಲನಾಗಿ ಬಂದವನು. ಒಂದು ದಿನ ಆಪರೇಟರ್ ಬರಲಿಲ್ಲವೆಂದು ಮಷೀನಿನ ಮುಂದೆ ನಿಂತ, ಮತ್ತೆ ಸರಿಯಲೇ ಇಲ್ಲ. ಮಂತ್ರಿಗಳು ಕೂಡ ಕುರ್ಚಿಯನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರಲಾರರು.

ಈ ವರ್ಷ ಕಿವಿ ನೆಟ್ಟಗಿತ್ತು, ಹೆಬ್ಬೆರಳು ಸೋತಿತು. ಅದರ ಬುಡ ಬಾತು, ಲೋಟ ಹಿಡಿದರೂ ಚುಳುಕ್ ಅನ್ನುತ್ತಿತ್ತು. ಮೇಲಿನ ಗಾಲಿಯನ್ನು ಎತ್ತಿ ಪಟ್ಟಿ ಬಿಗಿಯುವ ತಿರುಪು ಇರುವುದೋ ಆ ಗಾಲಿಯ ಅಡಿಗೆ, ಇಲಿ ಮಾತ್ರ ನುಗ್ಗುವಂಥ ಸಂದಿಯಲ್ಲಿ. ಮಷೀನು ಮಾಡಿದ ಪುಣ್ಯಾತ್ಮ ಅದನ್ನು ತನ್ನ ಕೈಯಿಂದ ಒಮ್ಮೆಯೂ ತಿರುಗಿಸಿರಲಿಕ್ಕಿಲ್ಲ.

ಮಾಜಿವಾಡಾದ ಹೋಟೆಲೊಂದಕ್ಕೆ ಬಾಗುಬೆನ್ನಿನ ನಲವತ್ತು ಕುರ್ಚಿ ಬೇಕಿತ್ತು. ಬೆನ್ನಿನವರೆಗೂ ಬಾಗಿ ಏರುವ ಹಿಂಗಾಲು ಕುರ್ಚಿಗೆ ಎರಡು, ಒಟ್ಟು ಎಂಬತ್ತು. ಬಾಗು ಕೊಯ್ಯಲು ಅಗಲ ಪಟ್ಟಿ ತೆಗೆದು ಸಣ್ಣದು ಹಾಕಬೇಕು. ಮಾಪಣ್ಣ ಹಾಕಿದ. ಬಿಗಿಯಲು ಆಗಲಿಲ್ಲ. ಮೀಟಿದ, ನಾದ ಸತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತನ್ನ ಕಿವಿಗೆ ತಾನೇ ಸುಳ್ಳು ಹೇಳಿ ಸ್ವಿಚ್ಚು ಒತ್ತಿದ. ಮೊದಲ ಹನ್ನೊಂದು ಕಾಲು ಹಾಳಾದವು.

"ಎಂಥದು ಮಾಪಣ್ಣ ಇದು? ಕುರ್ಚಿಯ ಕಾಲಾ, ಬಾಳೆಕಾಯಿಯಾ?" ತಾರಾನಾಥರು ಉಡುಪಿ ಕಡೆಯವರು, ಬೈಯುವಾಗಲೂ ದನಿ ಏರಿಸುವವರಲ್ಲ. ಅವರ ಕಣ್ಣು ಹೆಬ್ಬೆರಳ ಮೇಲೆ ಬಿತ್ತು. "ಮಹಾಪೆಯಲ್ಲಿ ಹೊಸ ಮಷೀನು ನೋಡಿ ಬಂದಿದ್ದೇನೆ. ಗುಂಡಿ ಒತ್ತಿದರೆ ತಾನೇ ಬಿಗಿಯಾಗ್ತದೆ. ನಡೆಸ್ಲಿಕ್ಕೆ ಅವರದ್ದೇ ಜನ ಉಂಟು. ನೀನು ಪಾಲಿಶ್ ಕಡೆ ಆರಾಮಲ್ಲಿ ಕೂತ್ಕೊ ಮಾರಾಯ."

ಆ "ಆರಾಮ" ಹೆಬ್ಬೆರಳಿಗಿಂತ ಹೆಚ್ಚು ನೋಯಿಸಿತು.

"ಸೇಠ್ರ, ಸೋಮವಾರ ಮಧ್ಯಾಹ್ನದ ತನಕ ಟೈಮ್ ಕೊಡ್ರಿ. ಮಷೀನಿಗೆ ಏನರೆ ಮಾಡಿ ನೋಡತೀನಿ."

"ಕೆಡಿಸಿದ್ರೆ?"

"ಹೆಂಗೂ ಗುಜರಿಗೆ ಹಾಕಾವ್ರಿದ್ದೀರಲ್ರಿ!"

ಕಳೆದುಕೊಳ್ಳಲು ಏನೂ ಇಲ್ಲದ ಪಂದ್ಯವನ್ನು ಯಾವ ವ್ಯಾಪಾರಿ ಬಿಟ್ಟಾನು? ತಾರಾನಾಥರು ಒಪ್ಪಿದರು.

ಏನು ಮಾಡುವುದೆಂದು ಮಾಪಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅದೇ ದಿನ, ಶನಿವಾರ ಸಂಜೆ, ಮನೆಯ ದಾರಿಯಲ್ಲಿ. ಪಂಕ್ಚರಾದ ಟ್ಯಾಕ್ಸಿಯೊಂದರ ಪಕ್ಕ ಕೂತ ಮುದುಕ ಒಣಕಲು ಕೈಯಲ್ಲಿ ಜಾಕಿ ತಿರುಗಿಸುತ್ತಿದ್ದ. ಇಡೀ ಕಾರು ಮೆಲ್ಲಗೆ ಏಳುತ್ತಿತ್ತು. ಕಾರೇ ಏಳುವುದಾದರೆ ಒಂದು ಗಾಲಿ ಏಳದೇ? ಮಾಪಣ್ಣನ ಎದೆಯಲ್ಲಿ ಹಲಗಿ ಬಾರಿಸಿದಂತಾಯಿತು. ಕೆಳಗಿಂದ ಗಾಲಿಯನ್ನು ನೂಕುವುದು ಯಾಕೆ? ಮೇಲಿಂದ ಎಳೆದರಾಯಿತಲ್ಲ!

ಭಾನುವಾರ ಹಿತೇಶನ ಗುಜರಿ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ. ಹಳೇ ಜಾಕಿಯ ಉದ್ದ ತಿರುಪು, ರಿಕ್ಷಾದ ಒಂದು ಬೇರಿಂಗು ಆರಿಸಿಕೊಂಡ.

"ಚಾಚಾ, ಕಾರ್ ಲೇ ಲೀ ಕ್ಯಾ?" ಕಾರು ಕೊಂಡೆಯಾ ಎಂದು ಹಿತೇಶ್ ಕೆಣಕಿದ.

"ಕಾರ್ ಸೇ ಬಡಾ," ಅದಕ್ಕಿಂತ ದೊಡ್ಡದು ಎಂದು ಮಾಪಣ್ಣ ಅಲ್ಲಿಂದ ಓಡಿಯೇಬಿಟ್ಟ.

ಕಾರ್ಖಾನೆಯ ಪಕ್ಕದ ಗ್ರಿಲ್ ಅಂಗಡಿಯವನಿಂದ ವೆಲ್ಡಿಂಗ್ ಆಯಿತು, ತಿರುಪು ಹಗುರಾಗಿ ತಿರುಗಲು ಬೇರಿಂಗಿನ ಮೇಲೆ ಕೂತಿತು. ಈಗ ತಿರುಪು ಮಷೀನಿನ ನೆತ್ತಿಯಿಂದ ಹೊರಬಂದು ನಿಂತಿತ್ತು, ಅದನ್ನು ಹಿಡಿದು ತಿರುಗಿಸಲು ಒಂದು ಚಕ್ರ ಬೇಕು. ಅಂಥ ಚಕ್ರ ಅವನ ಮನೆಯಲ್ಲೇ ಇತ್ತು, ಹೆಂಡತಿ ಮರಗಮ್ಮನ ಹೊಲಿಗೆ ಮಷೀನಿನಲ್ಲಿ.

"ಏನ್ ಬಿಚ್ಚಾಕತ್ತೀರಿ ಅಲ್ಲಿ?"

"ಏನಿಲ್ಲ, ಚಕ್ರ ನೋಡಾಕತ್ತೀನಿ."

"ಇಷ್ಟ ವರ್ಷ ನೋಡಲಾರದ್ದು ಇವತ್ತೇನ್ ನೋಡತೀರಿ?"

"ಒಂದ ದಿನದ ಮಾತು ಮಾರಾಯ್ತಿ."

"ನಾಳೆ ಬುತ್ತಿ ತಗೊಂಡು ನಾನ ಬರತೀನಿ. ಚಕ್ರ ಕೊಟ್ರ ರೊಟ್ಟಿ, ಇಲ್ಲಾಂದ್ರ ಇಲ್ಲ."

ಸೋಮವಾರ ಹನ್ನೆರಡಕ್ಕೆ ಕಾರ್ಖಾನೆಯೆಲ್ಲ ಮಷೀನಿನ ಸುತ್ತ ನೆರೆದಿತ್ತು. ಮಾಪಣ್ಣ ಸಣ್ಣ ಪಟ್ಟಿ ಹಾಕಿ, ಚಕ್ರಕ್ಕೆ ಎರಡು ಬೆರಳು ಹಚ್ಚಿ, ಇಪ್ಪತ್ತಾರು ವರ್ಷದ ರೂಢಿಯಂತೆ ತಿರುಗಿಸಿದ. ಎಷ್ಟು ಹಗುರ! ಬೆಣ್ಣೆಯ ಹಾಗೆ ತಿರುಗಿತು. ಅವನ ಮುಖ ಅರಳಿತು. ಮರುಕ್ಷಣ ಪಟ್ಟಿ ಝಲ್ಲೆಂದು ಗಾಲಿಯಿಂದ ಜಾರಿ ನೆಲಕ್ಕೆ ಬಿತ್ತು.

"ಇಷ್ಟು ಸುಲಭದಲ್ಲಿ ಪಟ್ಟಿ ಬೀಳಿಸುವ ಮಷೀನು ಮಹಾಪೆಯಲ್ಲೂ ಇಲ್ಲ," ಎಂದು ತಾರಾನಾಥರು ಮೊಬೈಲು ಹೊರತೆಗೆದರು.

"ತಡೀರಿ ಸೇಠ್ರ, ಒಂದ ನಿಮಿಷ!"

ಮಾಪಣ್ಣ ಕೈಯನ್ನು ಗಾಲಿಯ ಕೆಳಗೆ ಹಿಡಿದು ಗಾಳಿಯಲ್ಲೇ ತಿರುಗಿಸಿದ. ಅದೇ ಕೈ ನೆತ್ತಿಯ ಮೇಲೆ ಹಿಡಿದು ತಿರುಗಿಸಿದ. ನಕ್ಕುಬಿಟ್ಟ. ಕೆಳಗಿನ ತಿರುಪು ಮೇಲಕ್ಕೆ ಹೋದ ಮೇಲೆ ಬಿಗಿಯುವ ದಿಕ್ಕೂ ಉಲ್ಟಾ ಆಗಿತ್ತು. ರೂಢಿಯ ಕೈ ಬಿಗಿಯುತ್ತೇನೆಂದು ಹೊರಟು ಸಡಿಲಿಸಿತ್ತು. ಸೀಮೆಸುಣ್ಣದಲ್ಲಿ ಚಕ್ರದ ಪಕ್ಕ ಒಂದು ಬಾಣ ಬರೆದ, ಪಟ್ಟಿ ಮತ್ತೆ ಏರಿಸಿದ, ಬಾಣ ಹೇಳಿದ ಕಡೆ ತಿರುಗಿಸಿದ. ಗಾಲಿ ಏಳತೊಡಗಿತು! ಹೆಬ್ಬೆರಳು ಸುಮ್ಮನೆ ಪಕ್ಕದಲ್ಲಿ ಕೂತು ನೋಡುತ್ತಿತ್ತು.

ಮೀಟಿದ. ಇನ್ನೂ ಕೆಳಗಿದೆ. ಅರ್ಧ ಸುತ್ತು. ಮೀಟಿದ. ಕೂದಲೆಳೆಯಷ್ಟು ಬಾಕಿ. ತಾರಾನಾಥರು ತಮಗೆ ಗೊತ್ತಿಲ್ಲದೆಯೇ ತಲೆ ವಾರೆ ಮಾಡಿದ್ದರು.

"ಕೂಡಿತು!"

ಸ್ವಿಚ್ಚು ಒತ್ತಿದ. ಬಾಗಿದ ಗೀಟಿನ ಗುಂಟ ಸಾಗುವಾನಿ ಬಿರಿಯುತ್ತ ಬಂತು, ಒಂದು ಎಳೆಯೂ ಆಚೀಚೆ ಇಲ್ಲ. ತಾರಾನಾಥರು ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಷೀನು ನಿಲ್ಲಿಸಿ ಚಕ್ರಕ್ಕೆ ತಾವೇ ಕೈ ಹಾಕಿದರು. ಸಡಿಲಿಸಿದರು, ಬಿಗಿದರು, ಮತ್ತೆ ಸಡಿಲಿಸಿದರು. ಐವತ್ತೆಂಟರ ಗಂಡಸು ಜಾತ್ರೆಯ ಆಟಿಕೆ ಸಿಕ್ಕವನಂತೆ ನಿಂತಿದ್ದ. ಮಹಾಪೆಗೆ ಫೋನು ಹೋಯಿತು: "ಮಷೀನು ಸದ್ಯ ಬೇಡ." ಫೋನು ಇಡುವ ಮೊದಲೇ ವ್ಯಾಪಾರ ಎದ್ದು ಕೂತಿತ್ತು.

"ಮಾಪಣ್ಣ, ಕಲ್ಯಾಣದ ಲಕ್ಷ್ಮೀಕಾಂತನ ಹತ್ರವೂ ಇದೇ ಮಷೀನು ಉಂಟಲ್ಲ? ಅವನಿಗೂ ಒಂದು ಮಾಡಿಕೊಡುವಾ?"

"ಮಾಡೂಣ್ರಿ. ಅವರ ಮನ್ಯಾಗೂ ಹೊಲಿಗಿ ಮಷೀನು ಐತೇನು ಕೇಳ್ರಿ."

ಅಷ್ಟರಲ್ಲಿ ಬುತ್ತಿ ಗಂಟು ಹಿಡಿದು ಮರಗಮ್ಮ ಬಾಗಿಲಲ್ಲಿ ನಿಂತಿದ್ದಳು. ಗರಗಸದ ನೆತ್ತಿಯ ಮೇಲೆ ತನ್ನ ಚಕ್ರ ಕಂಡು ಸೊಂಟಕ್ಕೆ ಕೈಯಿಟ್ಟಳು.

"ಅಕ್ಕ, ಅದು ಇನ್ನು ಅಲ್ಲೇ ಇರಲಿ," ತಾರಾನಾಥರು ಮುಂದೆ ಬಂದರು. "ನಿಮಗೆ ಹೊಸ ಚಕ್ರ ತರಿಸಿಕೊಡ್ತೇನೆ."

"ಚಕ್ರ ಅಷ್ಟ ಯಾಕ್ರಿ? ಮೋಟರ್ ಮಷೀನೇ ಕೊಡಸ್ರಿ. ಇಲ್ಲಾಂದ್ರ ಈಗ ಬಿಚ್ಚಿ ಕೊಡ್ರಿ, ನಾ ಹೋಗತೀನಿ."

ಉಲ್ಲಾಸನಗರದ ಪ್ಲೈವುಡ್ ದಲಾಲರನ್ನೆಲ್ಲ ಬಗ್ಗಿಸಿದ ತಾರಾನಾಥರು ಚಕ್ರ ನೋಡಿದರು, ಮಾಪಣ್ಣನನ್ನು ನೋಡಿದರು, ಕೈಯಲ್ಲಿದ್ದ ಕುರ್ಚಿಯ ಕಾಲು ನೋಡಿದರು. "ಆಯ್ತಕ್ಕ, ಮೋಟರಿಂದೇ," ಅಂದರು.

"ಹಂಗಾದ್ರ ಬರ್ರಿ, ರೊಟ್ಟಿ ಬಿಸಿ ಅದಾವು," ಮರಗಮ್ಮ ಗಂಡನನ್ನು ಕರೆದಳು.

"ಅಲ್ಲಿಡು," ಮಾಪಣ್ಣ ಆಗಲೇ ಪಟ್ಟಿಯ ಕಡೆ ತಿರುಗಿದ್ದ. ಸೇಠರು ಆಡಿ ಸಡಿಲಿಸಿದ್ದನ್ನು ಎರಡು ಬೆರಳಲ್ಲಿ ಬಿಗಿದು, ಮೀಟಿ, ತಲೆ ವಾರೆ ಮಾಡಿದ. "ಇನ್ನ ಎಪ್ಪತ್ತೊಂಬತ್ತ ಕಾಲು ಬಾಕಿ ಅದಾವು."